ಕೆರೆಯ ಪಾಚಿಯನ್ನು ಗಾಣಕ್ಕೆ ಹಾಕಿದರೆ ಡೀಸೆಲ್ ಬರುತ್ತದೆಯೇ?

ಪ್ರಶ್ನೆ: ನಮ್ಮೂರ ಕೆರೆ ಪೂರ್ತಿ ಹಸಿರುಗಟ್ಟಿದೆ. ಪಾಚಿಯಲ್ಲಿ ಅರ್ಧಕ್ಕರ್ಧ ಎಣ್ಣೆಯೇ ಇರುತ್ತದಂತೆ. ಬಾಚಿ, ಒಣಗಿಸಿ, ಗಾಣಕ್ಕೆ ಹಾಕಿ ಡೀಸೆಲ್ ಮಾಡಬಾರದೇಕೆ?

ಉತ್ತರ: ಬೇಸಿಗೆ ಬಂತೆಂದರೆ ಈ ಪ್ರಶ್ನೆಯೂ ಬರುತ್ತದೆ. ಎಷ್ಟೋ ಸಲ ಹೇಳಿದ್ದೇನೆ, ಈ ಸಲ ಪೂರ್ತಿ ಬಿಡಿಸಿ ಹೇಳುತ್ತೇನೆ. ಸೂಕ್ಷ್ಮಪಾಚಿಯಿಂದ ಡೀಸೆಲ್ ಮಾಡಬಹುದು, ಮಾಡಿಯೂ ಇದ್ದಾರೆ. ನಿಮ್ಮ ಕೆರೆಯ ಪಾಚಿಯಿಂದ ಆಗದು. (ನೇರಳೆ ಹೂ ಬಿಡುವ ಅಂತರಗಂಗೆಯಂತೂ ಪಾಚಿಯೇ ಅಲ್ಲ.)

ಆ 'ಅರ್ಧಕ್ಕರ್ಧ ಎಣ್ಣೆ' ಪ್ರಯೋಗಾಲಯದ ಮಾತು. ಕೆಲವು ತಳಿಗಳಿಗೆ ಸಾರಜನಕ ಕೊಡದೆ ಉಪವಾಸ ಕೆಡವಿದರೆ ಅವು ಬರಗಾಲಕ್ಕೆಂದು ಎಣ್ಣೆ ಕೂಡಿಟ್ಟುಕೊಳ್ಳುತ್ತವೆ. ಆದರೆ ಉಪವಾಸ ಬಿದ್ದ ಪಾಚಿ ಬೆಳೆಯುವುದಿಲ್ಲ. ಅಮೆರಿಕ ಸರಕಾರ 1978ರಿಂದ 1996ರವರೆಗೆ ಸುಮಾರು 3,000 ತಳಿಗಳನ್ನು ಕಲೆಹಾಕಿ ಪರೀಕ್ಷಿಸಿದಾಗ ಕಂಡದ್ದೂ ಇದೇ: ಎಣ್ಣೆಯ ಪಾಲು ಏರಿತು, ಕೈಗೆ ಸಿಕ್ಕ ಒಟ್ಟು ಎಣ್ಣೆ ಏರಲಿಲ್ಲ. ಇನ್ನು ನಿಮ್ಮ ಕೆರೆ ಹಸಿರಾಗಿರುವುದೇ ಚರಂಡಿ ನೀರು, ಹೊಲದ ಗೊಬ್ಬರ ಹರಿದು ಬಂದಿದ್ದರಿಂದ. ಹೊಟ್ಟೆ ತುಂಬ ಉಂಡ ಪಾಚಿ ಎಣ್ಣೆ ಯಾಕೆ ಕೂಡಿಡುತ್ತದೆ?

ನೀರಿನ ಲೆಕ್ಕ ಇದಕ್ಕಿಂತ ಕಷ್ಟದ್ದು. ಚೆನ್ನಾಗಿ ಸಾಕಿದ ತೆರೆದ ಕೊಳದಲ್ಲೂ ಲೀಟರ್ ನೀರಿಗೆ ಅರ್ಧ ಗ್ರಾಂ ಒಣ ಪಾಚಿ ಸಿಕ್ಕರೆ ಹೆಚ್ಚು. ಮನೆಯ ಮಾಳಿಗೆ ಮೇಲಿನ ಸಾವಿರ ಲೀಟರ್ ಟ್ಯಾಂಕ್ ನೆನೆಸಿಕೊಳ್ಳಿ. ಅಷ್ಟೂ ನೀರು ಸೋಸಿದರೆ ಅರ್ಧ ಕಿಲೋ ಪುಡಿ; ಐದನೇ ಒಂದು ಪಾಲು ಎಣ್ಣೆ ಎಂದಿಟ್ಟುಕೊಂಡರೂ ನೂರು ಗ್ರಾಂ, ಒಂದು ಟೀ ಲೋಟದಷ್ಟು. ಯಂತ್ರದಲ್ಲಿ ಗಿರ್ರನೆ ತಿರುಗಿಸಿ ನೀರು ತೆಗೆದ ಮೇಲೂ ಉಳಿಯುವುದು ದೋಸೆಹಿಟ್ಟಿನಂಥ ಹಸಿ ಮುದ್ದೆ. ಅದನ್ನು ಬೆಂಕಿಯಲ್ಲಿ ಒಣಗಿಸಲು ಹೊರಟರೆ ಪಾಚಿಯೊಳಗಿನ ಶಕ್ತಿಯ ಅರ್ಧದಷ್ಟು ಅಲ್ಲೇ ಖರ್ಚು. ಅದಕ್ಕೇ ಈಗ ಒಣಗಿಸುವ ಗೋಜಿಗೇ ಹೋಗದೆ, ಹಸಿ ಮುದ್ದೆಯನ್ನೇ 300 ಡಿಗ್ರಿ ದಾಟಿದ ಬಿಸಿಯಲ್ಲಿ, ಭಾರೀ ಒತ್ತಡದಲ್ಲಿ ಬೇಯಿಸಿ ಕಚ್ಚಾತೈಲ ಮಾಡುವ ದಾರಿ ಹುಡುಕುತ್ತಿದ್ದಾರೆ.

ಗಾಣದ ಮಾತಂತೂ ಬಿಡಿ. ಶೇಂಗಾಬೀಜ ಗಾಣಕ್ಕೆ ಸಿಗುತ್ತದೆ. ಕೂದಲೆಳೆಗಿಂತ ಎಷ್ಟೋ ಪಟ್ಟು ಸಣ್ಣ ಕೋಶ ಸಿಗುವುದಿಲ್ಲ.

ಹಾಗೆಂದು ಪಾಚಿ ನಿಷ್ಪ್ರಯೋಜಕ ಅನ್ನಬೇಡಿ, ನನಗೆ ಬೇಸರವಾಗುತ್ತದೆ. ಲೀಟರ್ ಲೆಕ್ಕದಲ್ಲಿ ಸೋಲುವ ಪಾಚಿ ಗ್ರಾಂ ಲೆಕ್ಕದಲ್ಲಿ ಗೆಲ್ಲುತ್ತದೆ. ಉಪ್ಪುನೀರಿನ ಡುನಾಲಿಯೆಲ್ಲ ಎಂಬ ಪಾಚಿ ಗಜ್ಜರಿಯ ಬಣ್ಣವಾದ ಬೀಟಾ ಕ್ಯಾರೊಟಿನ್ ಕೊಡುತ್ತದೆ, ಹೆಮಟೊಕಾಕಸ್ ಎಂಬುದು ಅಸ್ಟಾಕ್ಸಾಂಥಿನ್ ಎಂಬ ಕೆಂಪು ಬಣ್ಣ ಕೊಡುತ್ತದೆ. ಸ್ಪಿರುಲಿನಾದಲ್ಲಿ ಎಣ್ಣೆ ಅತ್ಯಲ್ಪ, ಆದರೆ ಒಣ ತೂಕದ ಶೇ. 60ರಷ್ಟು ಪ್ರೋಟೀನು. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಅದನ್ನು ಬೆಲ್ಲದ ಚಿಕ್ಕಿಯೊಳಗೇ ಸೇರಿಸಿದೆ. ಕೆರೆಯ ನೀಲಿಹಸಿರು ಕೆನೆ ಮಾತ್ರ ವಿಷವಾಗಿರಬಹುದು, ದನಕ್ಕೂ ಕುಡಿಸಬೇಡಿ.

ಎಣ್ಣೆಯ ಮಾತು ಬಂದಿದ್ದಕ್ಕೆ ಇನ್ನೊಂದು. ಮೀನೆಣ್ಣೆಯಲ್ಲಿರುವ ಒಮೆಗಾ-3 ಎಂಬ ಕೊಬ್ಬಿನಂಶ ಮೀನಿನದು ಎಂದೇ ಎಲ್ಲರ ನಂಬಿಕೆ. ಮಂಗಳೂರಿನ ಬೂತಾಯಿ ಅದನ್ನು ಹೆಚ್ಚಾಗಿ ತಾನೇ ತಯಾರಿಸುವುದಿಲ್ಲ. ಕಡಲಲ್ಲಿ ತೇಲುವ ಡಯಾಟಮ್‌ಗಳಂಥ ಸೂಕ್ಷ್ಮಪಾಚಿಯಿಂದಲೇ ಅದು ಮೀನಿನ ಮೈ ಸೇರುತ್ತದೆ. ಈಗ ಕ್ರಿಪ್ತೆಕೊಡಿನಿಯಂ ಎಂಬ ಪಾಚಿಯನ್ನು ಬೆಳಕೇ ಇಲ್ಲದ ಉಕ್ಕಿನ ತೊಟ್ಟಿಯಲ್ಲಿ ಸಕ್ಕರೆ ಕೊಟ್ಟು ಬೆಳೆಸುತ್ತಾರೆ. ಹಸುಗೂಸುಗಳ ಹಾಲಿನ ಪುಡಿಯ ಡಬ್ಬಿಯ ಮೇಲೆ 'ಡಿಎಚ್‌ಎ' (ಅದೂ ಒಂದು ಒಮೆಗಾ-3) ಎಂದಿದ್ದರೆ, ಅದು ಅಲ್ಲಿಂದಲೇ ಬಂದಿರಬಹುದು.