ಪಿಎಚ್‌ಡಿ ತರಬೇತಿ: ಯಾವುದು, ಯಾವಾಗ, ಎಷ್ಟು ಜನಕ್ಕೆ

ಜೀವವಿಜ್ಞಾನದಲ್ಲಿ ಪಿಎಚ್‌ಡಿಗೆ ಸೇರಿದವರಿಗೆ ಸಂಖ್ಯಾಶಾಸ್ತ್ರ, ಸಂಶೋಧನಾ ನೀತಿ, ಬರವಣಿಗೆ, ಉಪಕರಣಗಳ ಪರಿಚಯ ಎಲ್ಲವನ್ನೂ ಮೊದಲ ಸೆಮಿಸ್ಟರಿನಲ್ಲೇ ಕಲಿಸಿ ಮುಗಿಸುವುದು ನಮ್ಮ ಬಹಳಷ್ಟು ವಿಭಾಗಗಳ ರೂಢಿ. ಕೈಯಲ್ಲಿ ಒಂದು ಸಾಲು ಡೇಟಾ ಇಲ್ಲದ ಹೊತ್ತಿನಲ್ಲಿ ಟಿ-ಟೆಸ್ಟ್ (ಎರಡು ಗುಂಪುಗಳ ಸರಾಸರಿ ಹೋಲಿಸುವ ಲೆಕ್ಕ) ಕಲಿತವರು ಮೂರನೇ ವರ್ಷ ಡೇಟಾ ಬಂದಾಗ ಅದನ್ನು ಪೂರ್ತಿ ಮರೆತಿರುತ್ತಾರೆ. ಪಕ್ಕದ ಬೆಂಚಿನ ಸೀನಿಯರ್ ಹೇಳಿದ ಬಟನ್ ಒತ್ತುತ್ತಾರೆ. ಪಾಠ ಮಾಡಿದವರು ಎಷ್ಟು ದೊಡ್ಡವರು ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಕಲಿತದ್ದನ್ನು ಎರಡು ಮೂರು ವಾರದೊಳಗೆ ತನ್ನ ಕೆಲಸದಲ್ಲಿ ಬಳಸುವ ಸಂದರ್ಭ ಇತ್ತೇ ಎಂಬುದಷ್ಟೇ ಬರುತ್ತದೆ.

ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ಪಿಎಚ್‌ಡಿ ನಿಯಮಾವಳಿ ಕೋರ್ಸ್‌ವರ್ಕ್‌ಗೆ ಕನಿಷ್ಠ 12 ಕ್ರೆಡಿಟ್ ಕೇಳುತ್ತದೆ. ‘ಸಂಶೋಧನೆ ಮತ್ತು ಪ್ರಕಟಣಾ ನೀತಿ’ಯ 2 ಕ್ರೆಡಿಟ್, 30 ಗಂಟೆಯ ಕೋರ್ಸ್ ಇದರೊಳಗೇ ಸೇರುತ್ತದೆ. ಪಾಸಾಗಲು 55 ಶೇಕಡಾ ಬೇಕು. ಸೆಮಿಸ್ಟರಿಗೊಮ್ಮೆ ಸಂಶೋಧನಾ ಸಲಹಾ ಸಮಿತಿಯ ಮುಂದೆ ನಿಂತು ಕೆಲಸದ ಪ್ರಗತಿ ಒಪ್ಪಿಸಬೇಕು. ಹನ್ನೆರಡು ಎಂಬುದು ನೆಲಮಟ್ಟ. ಅದಕ್ಕೂ ಮೇಲಿನ ತರಬೇತಿಯನ್ನು ಐದು ವರ್ಷಕ್ಕೆ ಹರಡಿದರೆ ಯಾರೂ ಬೇಡ ಅನ್ನುವುದಿಲ್ಲ. ಹಾಗೆ ಹರಡುವಾಗ ಯಾವುದು ಎಲ್ಲಿಗೆ ಎನ್ನುವುದನ್ನು ನೋಡೋಣ.

ಮೊದಲ ತಿಂಗಳಿಗೆ ಸೇರಬೇಕಾದದ್ದು ಸುರಕ್ಷತೆ ಮತ್ತು ಕೈಗೆಲಸ. ಜೈವಿಕ ತ್ಯಾಜ್ಯ ಹಳದಿ, ಕೆಂಪು, ಬಿಳಿ, ನೀಲಿ ಡಬ್ಬಗಳಲ್ಲಿ ಯಾವುದಕ್ಕೆ ಹೋಗಬೇಕು ಎಂದು 2016ರ ನಿಯಮ ಹೇಳುತ್ತದೆ. ಇದನ್ನು ಸ್ಲೈಡಿನಲ್ಲಿ ತೋರಿಸಿದರೆ ಊಟದ ಹೊತ್ತಿಗೆ ಮರೆತುಹೋಗುತ್ತದೆ. ಬಳಸಿದ ಗ್ಲೌಸ್, ಸಿರಿಂಜಿನ ಸೂಜಿ, ಒಡೆದ ಗಾಜಿನ ಸೀಸೆ, ರಕ್ತ ತಾಗಿದ ಹತ್ತಿಯ ಪಟ್ಟಿ ಮಾಡಿ, ಪ್ರತಿಯೊಬ್ಬರೂ ನಾಲ್ಕು ಡಬ್ಬಗಳ ಮುಂದೆ ನಿಂತು ಒಂದೊಂದನ್ನೂ ಎಲ್ಲಿಗೆ ಎಂದು ಕೈ ತೋರಿಸುವಂತೆ ಮಾಡಿ. ಹತ್ತು ನಿಮಿಷದ ಕೆಲಸ.

ಪಿಪೆಟ್ (ತೀರಾ ಸಣ್ಣ ಅಳತೆಯ ದ್ರವ ಎಳೆದು ಹಾಕುವ ಉಪಕರಣ) ಹಿಡಿಯುವುದು ಎಂಎಸ್ಸಿಯಲ್ಲೇ ಬಂದಿರುತ್ತದೆ ಎಂದು ಎಲ್ಲರೂ ನಂಬುತ್ತಾರೆ. ಬಂದಿರುವುದಿಲ್ಲ. 0.1 ಮಿಲಿಗ್ರಾಂವರೆಗೆ ತೋರುವ ತಕ್ಕಡಿ, ಒಂದು ಸಣ್ಣ ಟ್ಯೂಬು, ಡಿಸ್ಟಿಲ್ಡ್ ವಾಟರ್ ಇದ್ದರೆ ಪರೀಕ್ಷೆ ಸುಲಭ. 200 ಮೈಕ್ರೋಲೀಟರ್ ಪಿಪೆಟ್ಟನ್ನು 100ಕ್ಕೆ ಇಟ್ಟು ಹತ್ತು ಸಲ ನೀರು ಹಾಕಿಸಿ, ಪ್ರತಿ ಸಲವೂ ತೂಕ ಬರೆಸಿ. ಒಂದು ಮೈಕ್ರೋಲೀಟರ್ ನೀರು ಹೆಚ್ಚುಕಡಿಮೆ ಒಂದು ಮಿಲಿಗ್ರಾಂ, ಹಾಗಾಗಿ ಒಂದೊಂದು ಸಲಕ್ಕೂ 100 ಮಿಲಿಗ್ರಾಂಗೆ ಕೂದಲೆಳೆಯಷ್ಟು ಕಡಿಮೆ ಬರಬೇಕು. ಹತ್ತು ಓದಿಕೆಗಳೂ ಒತ್ತಟ್ಟಿಗಿದ್ದು ಸರಾಸರಿ ಮಾತ್ರ 96ಕ್ಕೆ ಇಳಿದಿದ್ದರೆ ತಪ್ಪು ಬಹುತೇಕ ಪಿಪೆಟ್ಟಿನದು, ಕ್ಯಾಲಿಬ್ರೇಶನ್‌ಗೆ ಕಳಿಸಿ. ಸರಾಸರಿ ಸರಿಯಾಗಿದ್ದು ಓದಿಕೆಗಳು 95ರಿಂದ 104ರವರೆಗೆ ಚೆಲ್ಲಾಪಿಲ್ಲಿಯಾಗಿದ್ದರೆ ತಪ್ಪು ಕೈಯದು. ಸಾಮಾನ್ಯ ಕಾರಣಗಳು ಮೂರು: ನೀರು ಎಳೆಯುವಾಗ ಗುಂಡಿಯನ್ನು ಎರಡನೇ ತಡೆವರೆಗೆ ಒತ್ತುವುದು, ಬೆರಳನ್ನು ಚಕ್ಕನೆ ಬಿಡುವುದು, ಟಿಪ್ಪನ್ನು ಮೊದಲು ಒಂದೆರಡು ಸಲ ಒದ್ದೆ ಮಾಡದಿರುವುದು. ಆಮೇಲೆ ಇದನ್ನೇ 50 ಶೇಕಡಾ ಗ್ಲಿಸರಾಲ್‌ನಲ್ಲಿ ಮಾಡಿಸಿ. ಡಿಎನ್‌ಎ ತುಂಡರಿಸುವ ಕತ್ತರಿ ಕಿಣ್ವಗಳು ಬರುವುದು ಅಂಥ ದ್ರವದಲ್ಲೇ. ಟಿಪ್ಪನ್ನು ಆಳಕ್ಕೆ ಮುಳುಗಿಸಿದವರ ಟ್ಯೂಬಿಗೆ ಹೊರಗೋಡೆಗೆ ಅಂಟಿದ ಕಿಣ್ವವೂ ಸೇರಿ ಎಷ್ಟು ಹೆಚ್ಚು ಬೀಳುತ್ತದೆ ಎಂಬುದನ್ನು ತಕ್ಕಡಿಯೇ ಹೇಳುತ್ತದೆ. ಕ್ಯೂಪಿಸಿಆರ್ (ಡಿಎನ್‌ಎ ಪ್ರಮಾಣ ಅಳೆಯುವ ತಂತ್ರ) ಕಾರ್ಯಾಗಾರದಲ್ಲಿ ಸ್ಟ್ಯಾಂಡರ್ಡ್ ಕರ್ವಿನ, ಅಂದರೆ ಗೊತ್ತಿರುವ ಪ್ರಮಾಣಗಳಿಂದ ಎಳೆದ ಅಳತೆಗೆರೆಯ, ಇಳಿಜಾರು −3.1ರಿಂದ −3.6ರೊಳಗೆ ಕೂರದೆ ಒದ್ದಾಡುವವರಲ್ಲಿ ಹಲವರ ತೊಂದರೆ ಪ್ರೈಮರ್‌ನಲ್ಲಿ (ಡಿಎನ್‌ಎ ನಕಲು ಶುರುಮಾಡುವ ತುಣುಕು) ಇರುವುದಿಲ್ಲ, ಹತ್ತು ಪಟ್ಟು ಡೈಲ್ಯೂಶನ್ ಮಾಡುವ ಈ ಕೈಯಲ್ಲಿರುತ್ತದೆ.

ಸಂಖ್ಯಾಶಾಸ್ತ್ರಕ್ಕೆ ಎರಡು ಪಾಳಿ ಬೇಕು, ಎರಡರ ನಡುವೆ ಒಂದು ವರ್ಷದ ಅಂತರ ಬೇಕು.

ಮೊದಲನೆಯದು ಪ್ರಯೋಗಕ್ಕೆ ಮುಂಚೆ: ಎಷ್ಟು ಪ್ರಾಣಿ, ಎಷ್ಟು ಗಿಡ, ಎಷ್ಟು ರೋಗಿಗಳು ಬೇಕು. ಇಲಿಗಳ ಮೇಲೆ ಕೆಲಸ ಮಾಡುವವರು ಸಂಸ್ಥೆಯ ಪ್ರಾಣಿ ನೀತಿ ಸಮಿತಿಗೆ ಅರ್ಜಿ ಹಾಕುವಾಗ ಸಂಖ್ಯೆಗೆ ಸಮರ್ಥನೆ ಕೊಡಲೇಬೇಕು. ಹಾಗಾಗಿ ಈ ತರಗತಿ ಆ ಅರ್ಜಿಯ ಕೊನೇ ದಿನಕ್ಕೆ ಆರು ವಾರ ಮುಂಚೆ ಬೀಳಬೇಕು. ಆಗ ಯಾರೂ ತೂಕಡಿಸುವುದಿಲ್ಲ. ಲೆಕ್ಕ ಹೀಗಿದೆ: ಎರಡು ಗುಂಪುಗಳ ಸರಾಸರಿಯ ವ್ಯತ್ಯಾಸ ಒಂದು ಸ್ಟ್ಯಾಂಡರ್ಡ್ ಡೀವಿಯೇಶನ್‌ನಷ್ಟಿದ್ದರೆ (ಗುಂಪಿನೊಳಗಿನ ಏರುಪೇರಿನ ಅಳತೆ ಇದು), 5 ಶೇಕಡಾ ಮಟ್ಟದಲ್ಲಿ 80 ಶೇಕಡಾ ಪವರ್, ಅಂದರೆ ಇರುವ ವ್ಯತ್ಯಾಸವನ್ನು ಹಿಡಿಯುವ ಸಾಧ್ಯತೆ, ಸಿಗಲು ಗುಂಪಿಗೆ 17 ಇಲಿ ಬೇಕು. ವ್ಯತ್ಯಾಸ ಅದರರ್ಧ ಇದ್ದರೆ 64. ‘ಎಲ್ಲರೂ ಆರು ಇಟ್ಟುಕೊಳ್ಳುತ್ತಾರೆ’ ಎಂಬ ಲ್ಯಾಬಿನ ಪದ್ಧತಿ ನಡೆಯುವುದು ವ್ಯತ್ಯಾಸ ಎರಡು ಡೀವಿಯೇಶನ್‌ನಷ್ಟು ದೊಡ್ಡದಿದ್ದಾಗ ಮಾತ್ರ. ಗೈಡ್‌ಗಳೂ ಈ ತರಗತಿಗೆ ಬಂದು ಕೂತರೆ ಒಳ್ಳೆಯದು. ಆರು ಎಂದು ಹೇಳಿಕೊಟ್ಟವರು ಅವರೇ ತಾನೆ.

ಎರಡನೆಯದು ಡೇಟಾ ಬಂದ ಮೇಲೆ. ಇದಕ್ಕೆ ಪ್ರವೇಶಪತ್ರ ಒಂದೇ: ವಿದ್ಯಾರ್ಥಿಯ ಸ್ವಂತ ಫೈಲು. ಈ ತರಗತಿಯ ಅರ್ಧ ಸಮಯವನ್ನು ಒಂದೇ ತಪ್ಪಿಗೆ ಮೀಸಲಿಟ್ಟರೂ ನಷ್ಟವಿಲ್ಲ. ಮೂರು ಇಲಿಗಳಿಂದ ಐವತ್ತೈವತ್ತು ಜೀವಕೋಶ ಅಳೆದವರು ಎನ್ (ಸ್ವತಂತ್ರ ಮಾದರಿಗಳ ಸಂಖ್ಯೆ) ಅಂದರೆ 150 ಎಂದು ಬರೆಯುತ್ತಾರೆ. ಅದು 3. ಒಂದೇ ಇಲಿಯ ಕೋಶಗಳು ಒಂದೇ ತಾಯಿಯವು, ಒಂದೇ ಪಂಜರದವು, ಒಂದೇ ದಿನ ಒಂದೇ ಸೀಸೆಯ ಫಿಕ್ಸೆಟಿವ್ (ಕೋಶ ಕೆಡದಂತೆ ಹಿಡಿದಿಡುವ ದ್ರವ) ಕಂಡವು. ಒಂದನ್ನೊಂದು ಹೋಲುತ್ತವೆ, ಸ್ವತಂತ್ರ ಸಾಕ್ಷಿಗಳಲ್ಲ. 1984ರಲ್ಲಿ ಪರಿಸರ ವಿಜ್ಞಾನಿ ಸ್ಟುವರ್ಟ್ ಹರ್ಲ್‌ಬರ್ಟ್ ಇದಕ್ಕೆ ಸೂಡೋರೆಪ್ಲಿಕೇಶನ್ ಎಂಬ ಹೆಸರು ಕೊಟ್ಟರು. ನಲವತ್ತು ವರ್ಷವಾದರೂ ಥೀಸಿಸ್‌ಗಳಲ್ಲಿ ಇದು ಹಾಯಾಗಿದೆ.

ಬಾಯಲ್ಲಿ ಹೇಳಿದರೆ ಇದು ತಲೆಗೆ ಹತ್ತುವುದಿಲ್ಲ. ಕಂಪ್ಯೂಟರಿನಲ್ಲಿ ಆಡಿಸಿ. ಪ್ರತಿಯೊಬ್ಬರೂ ಆರು ಸುಳ್ಳು ಇಲಿಗಳನ್ನು ಸೃಷ್ಟಿಸಲಿ. ಇಲಿಯಿಂದ ಇಲಿಗೆ ಸ್ವಲ್ಪ ಏರುಪೇರು ಇರಲಿ, ಆದರೆ ಮದ್ದಿನ ಪರಿಣಾಮ ಸೊನ್ನೆ ಇರಲಿ. ಮೂರನ್ನು ‘ಮದ್ದು’, ಮೂರನ್ನು ‘ಕಂಟ್ರೋಲ್’ ಎಂದು ಕರೆದು, ಇಲಿಗೆ ಐವತ್ತು ಕೋಶದಂತೆ 150ಕ್ಕೆ 150 ಟಿ-ಟೆಸ್ಟ್ ಹಾಕಲಿ. ಪಿ, ಅಂದರೆ ಮದ್ದಿಗೆ ಪರಿಣಾಮವಿಲ್ಲದಿದ್ದರೂ ಇಷ್ಟು ವ್ಯತ್ಯಾಸ ಆಕಸ್ಮಿಕವಾಗಿ ಬರುವ ಸಾಧ್ಯತೆ, 0.05ಕ್ಕಿಂತ ಕಡಿಮೆ ಬಂದವರು ಕೈ ಎತ್ತಲಿ. ಇಪ್ಪತ್ತು ಜನರ ತರಗತಿಯಲ್ಲಿ ಒಬ್ಬರ ಕೈ ಏಳಬೇಕಿತ್ತು. ಅದಕ್ಕಿಂತ ಹೆಚ್ಚಾಗಿ ಏಳುವ ಕೈಗಳನ್ನು ಎಣಿಸಿದರೆ ಮುಂದೆ ವಿವರಣೆ ಬೇಡ. ಆಮೇಲೆ ಪ್ರತಿ ಇಲಿಗೂ ಸರಾಸರಿ ತೆಗೆದು ಮೂರಕ್ಕೆ ಮೂರು ಹೋಲಿಸಲಿ. ಗ್ರಾಫಿನಲ್ಲಿ ಕೋಶಗಳು ಸಣ್ಣ ಚುಕ್ಕೆ, ಇಲಿಯ ಸರಾಸರಿ ದೊಡ್ಡ ಚುಕ್ಕೆ, ಇಲಿಗೊಂದು ಬಣ್ಣ. ಎರಡೂ ಒಟ್ಟಿಗೆ ಕಂಡಾಗ ರೆಫರಿಗೂ ತಕರಾರಿರುವುದಿಲ್ಲ.

ಡೇಟಾ ಫೈಲಿನ ಶಿಸ್ತು ಕೂಡ ಇಲ್ಲೇ. ಎಕ್ಸೆಲ್ ತನ್ನಷ್ಟಕ್ಕೆ ಸೆಪ್ಟ್-2, ಮಾರ್ಚ್-1 ಎಂಬ ಜೀನ್ ಹೆಸರುಗಳನ್ನು ತಾರೀಖುಗಳಾಗಿ ಬದಲಿಸುತ್ತದೆ. 2016ರ ಒಂದು ಪರಿಶೀಲನೆಯಲ್ಲಿ, ಎಕ್ಸೆಲ್ ಜೀನ್ ಪಟ್ಟಿ ಜೋಡಿಸಿದ್ದ ಪ್ರಬಂಧಗಳ ಪೈಕಿ ಸುಮಾರು ಐದರಲ್ಲಿ ಒಂದರಲ್ಲಿ ಈ ಬಗೆಯ ತಪ್ಪು ಕಂಡಿತ್ತು. ಕೊನೆಗೆ 2020ರಲ್ಲಿ ಮಾನವ ಜೀನ್‌ಗಳಿಗೆ ಹೆಸರಿಡುವ ಸಮಿತಿಯೇ ಸೋತು ಸೆಪ್ಟಿನ್-2, ಮಾರ್ಚ್‌ಎಫ್-1 ಎಂದು ಹೆಸರು ಬದಲಿಸಿತು. ಹಳೆಯ ಪಟ್ಟಿಗಳಲ್ಲಿ ಹಳೆಯ ಹೆಸರೇ ಇದೆ. ಆದ್ದರಿಂದ ಫೈಲನ್ನು ನೇರ ಡಬಲ್ ಕ್ಲಿಕ್ ಮಾಡದೆ, ಇಂಪೋರ್ಟ್ ಮಾಡುವಾಗ ಆ ಕಾಲಮ್ಮನ್ನು ‘ಟೆಕ್ಸ್ಟ್’ ಎಂದು ಗುರುತಿಸುವುದನ್ನು ಕೈಯಾರೆ ಮಾಡಿಸಿ.

ಕಂಪ್ಯೂಟರ್ ಕಾರ್ಯಾಗಾರಗಳು ಕೆಡುವುದು ಮೊದಲ ದಿನ ಬೆಳಗ್ಗೆ. ಇನ್‌ಸ್ಟಾಲ್ ಮಾಡುವುದರಲ್ಲೇ ಹನ್ನೊಂದೂವರೆ ಆಗಿರುತ್ತದೆ. ಸಂಖ್ಯಾಶಾಸ್ತ್ರದ ಲೆಕ್ಕಕ್ಕೆ ಬಳಸುವ ಆರ್, ಆರ್-ಸ್ಟುಡಿಯೋ ಸಾಫ್ಟ್‌ವೇರ್ ಹಾಕಿಕೊಳ್ಳಲು ಒಂದು ವಾರ ಮುಂಚೆ ಸೂಚನೆ ಕಳಿಸಿ, ಹಿಂದಿನ ಸಂಜೆ ಒಂದು ಗಂಟೆ ‘ರಿಪೇರಿ ಸಮಯ’ ಇಡಿ. ಪ್ಯಾಕೇಜುಗಳನ್ನು ಪೆನ್‌ಡ್ರೈವಿನಲ್ಲೂ ಇಟ್ಟುಕೊಳ್ಳಿ. ಮೂವತ್ತು ಜನ ಒಟ್ಟಿಗೆ ಇಳಿಸಿಕೊಳ್ಳಲು ಹೊರಟರೆ ವೈಫೈ ಕೈಕೊಡುತ್ತದೆ. ಬೋಧಕರು ಸ್ಲೈಡು ಬಿಟ್ಟು ಪರದೆಯ ಮೇಲೆ ಎಲ್ಲರ ಎದುರೇ ಟೈಪ್ ಮಾಡಲಿ, ತಪ್ಪು ಮಾಡಿ ತಿದ್ದಲಿ. ಸಂಶೋಧಕರಿಗೆ ಕಂಪ್ಯೂಟರ್ ಕೆಲಸ ಕಲಿಸುವ ಸಾಫ್ಟ್‌ವೇರ್ ಕಾರ್ಪೆಂಟ್ರಿಯವರು ರೂಢಿಗೆ ತಂದ ಅಂಟುಚೀಟಿ ಪದ್ಧತಿ ನಮ್ಮಲ್ಲಿ ಇನ್ನೂ ಚೆನ್ನಾಗಿ ಒಗ್ಗುತ್ತದೆ: ಪ್ರತಿ ಲ್ಯಾಪ್‌ಟಾಪಿಗೂ ಎರಡು ಬಣ್ಣದ ಚೀಟಿ, ಮುಗಿದವರು ಹಸಿರು ಅಂಟಿಸುತ್ತಾರೆ, ಸಿಕ್ಕಿಕೊಂಡವರು ಕೆಂಪು. ‘ಸರ್, ಅರ್ಥ ಆಗಲಿಲ್ಲ’ ಎಂದು ಎಲ್ಲರ ನಡುವೆ ಎದ್ದು ಹೇಳಲು ಹಿಂಜರಿಯುವ ಹುಡುಗಿ ಚೀಟಿ ಅಂಟಿಸಲು ಹಿಂಜರಿಯುವುದಿಲ್ಲ. ಆರೇಳು ಜನಕ್ಕೊಬ್ಬ ಸಹಾಯಕ ಇರಬೇಕು. ಅಷ್ಟು ಸಹಾಯಕರಿಲ್ಲದಿದ್ದರೆ ಬ್ಯಾಚನ್ನು ಕಿರಿದು ಮಾಡಬೇಕೇ ಹೊರತು ನೂರು ಜನರ ಸಭಾಂಗಣ ಹಿಡಿಯಬಾರದು.

ಮೈಕ್ರೋಸ್ಕೋಪಿಗಂತೂ ಒಂದು ಯಂತ್ರಕ್ಕೆ ನಾಲ್ಕು ಜನ ಮೀರಬಾರದು. ಐದನೆಯವರು ಮೊಬೈಲ್ ನೋಡುತ್ತಿರುತ್ತಾರೆ. ಕಾನ್ಫೋಕಲ್‌ನಲ್ಲಿ (ಲೇಸರ್ ಬೆಳಕಿನಿಂದ ಹೊಳೆಯುವ ಬಣ್ಣದ ಚಿತ್ರ ತೆಗೆಯುವ ಮೈಕ್ರೋಸ್ಕೋಪು) ಕಲಿಸಲೇಬೇಕಾದದ್ದು ಸ್ವಲ್ಪವೇ, ಅದನ್ನು ಬಿಡುವುದೇ ಹೆಚ್ಚು. ಚಿತ್ರ ಝಗಮಗಿಸಲಿ ಎಂದು ಗೇನ್ (ಸಂಕೇತವನ್ನು ಹಿಗ್ಗಿಸುವ ಮಟ್ಟ) ಏರಿಸಿದರೆ ಪಿಕ್ಸೆಲ್‌ಗಳು ಗರಿಷ್ಠಕ್ಕೆ ಬಡಿಯುತ್ತವೆ. 8 ಬಿಟ್‌ನಲ್ಲಿ 255, 12 ಬಿಟ್‌ನಲ್ಲಿ 4095. ಅಲ್ಲಿಂದಾಚೆ ಎರಡು ಪಟ್ಟು ಪ್ರೋಟೀನ್ ಇದ್ದರೂ ಸಂಖ್ಯೆ ಅದೇ. ಅಂಥ ಚಿತ್ರವನ್ನು ಅಳೆಯಲು ಬರುವುದಿಲ್ಲ, ಗೋಡೆಗೆ ತೂಗುಹಾಕಬಹುದು. ಪಿಕ್ಸೆಲ್ ಗಾತ್ರವೂ ಊಹೆಯ ವಿಷಯವಲ್ಲ: ಎನ್‌ಎ (ಲೆನ್ಸು ಬೆಳಕು ಹಿಡಿಯುವ ಸಾಮರ್ಥ್ಯದ ಅಳತೆ) 1.4ರ ಲೆನ್ಸು ಹಸಿರು ಬೆಳಕಿನಲ್ಲಿ ಸುಮಾರು 220 ನ್ಯಾನೋಮೀಟರ್‌ವರೆಗೆ ಬಿಡಿಸಿ ತೋರಿಸುತ್ತದೆ, ಹಾಗಾಗಿ ಅಷ್ಟು ದೂರದಲ್ಲಿ ಎರಡಕ್ಕೂ ಹೆಚ್ಚು ಪಿಕ್ಸೆಲ್ ಕೂರುವಂತೆ ಒಂದು ಪಿಕ್ಸೆಲ್ 95 ನ್ಯಾನೋಮೀಟರಿನ ಆಸುಪಾಸು ಇರಬೇಕು. 300 ಇಟ್ಟರೆ ದುಬಾರಿ ಲೆನ್ಸು ದಂಡ. 20 ಇಟ್ಟರೆ ಹೊಸ ವಿವರವೇನೂ ಬರುವುದಿಲ್ಲ, ಬಣ್ಣ ಮಾತ್ರ ಸುಟ್ಟುಹೋಗುತ್ತದೆ. ಉಪಕರಣದ ಮುಂದೆ ಒಂಟಿಯಾಗಿ ಕೂರಿಸಿ, ಒಂದು ವಾರದ ಬಳಿಕ ಸ್ವಂತ ಸ್ಲೈಡಿನ ಚಿತ್ರ ತೆಗೆಸಿ ನೋಡಿದ ಮೇಲಷ್ಟೇ ಬುಕಿಂಗ್ ಅನುಮತಿ ಕೊಡಿ.

ನೀತಿ ಕೋರ್ಸಿನ 30 ಗಂಟೆಗಳಲ್ಲಿ ಬಹುಪಾಲು ಕಾಲ ಕೃತಿಚೌರ್ಯದ ಶೇಕಡಾವಾರಿನ ಸುತ್ತ ಸುತ್ತುತ್ತದೆ. 2018ರ ಯುಜಿಸಿ ನಿಯಮದಲ್ಲಿ ಹೋಲಿಕೆ 10 ಶೇಕಡಾವರೆಗೆ ದಂಡವಿಲ್ಲ. 10ರಿಂದ 40 ಇದ್ದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. 40ರಿಂದ 60 ಇದ್ದರೆ ಒಂದು ವರ್ಷ ಸಲ್ಲಿಸುವಂತಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ವಿದ್ಯಾರ್ಥಿಗಳು ಇದರಿಂದ ಕಲಿಯುವ ಪಾಠ, ‘ಸಾಫ್ಟ್‌ವೇರಿನಲ್ಲಿ ಒಂಬತ್ತು ಬಂದರೆ ಬಚಾವ್.’ ಆದರೆ ಜೀವವಿಜ್ಞಾನದ ದೊಡ್ಡ ಅಪಾಯ ಪದಗಳಲ್ಲಿಲ್ಲ, ಚಿತ್ರಗಳಲ್ಲಿದೆ. ಸೂಕ್ಷ್ಮಜೀವಿ ವಿಜ್ಞಾನಿ ಎಲಿಸಬೆತ್ ಬಿಕ್ ಮತ್ತು ಸಂಗಡಿಗರು 20,621 ಪ್ರಬಂಧಗಳನ್ನು ಕಣ್ಣಾರೆ ಪರಿಶೀಲಿಸಿ 2016ರಲ್ಲಿ ಪ್ರಕಟಿಸಿದಂತೆ, 3.8 ಶೇಕಡಾ ಪ್ರಬಂಧಗಳಲ್ಲಿ ಒಂದೇ ಚಿತ್ರ ಎರಡು ಕಡೆ ಬಂದಿತ್ತು. ಇದರಲ್ಲಿ ಬೇಕೆಂದು ಮಾಡಿದ್ದೂ ಇದೆ, ‘ಫೈನಲ್-2-ನ್ಯೂ’ ಎಂಬಂಥ ಫೈಲ್ ಹೆಸರಿನಿಂದ ಆದ ಎಡವಟ್ಟೂ ಇರಬಹುದು. ಹಾಗಾಗಿ ನೀತಿ ಪಾಠದಲ್ಲಿ ಎರಡು ಗಂಟೆ ಫೈಲ್ ಹೆಸರಿಡುವುದಕ್ಕೆ ಕೊಡಿ: ತಾರೀಖು, ಪ್ರಯೋಗ ಸಂಖ್ಯೆ, ಮಾದರಿ. ಯಂತ್ರ ಕೊಟ್ಟ ಮೂಲ ಫೈಲನ್ನು ಮುಟ್ಟಬಾರದು, ಜೆಪೆಗ್ ಮಾಡಿದ್ದು ನಕಲು. ವೆಸ್ಟರ್ನ್ ಬ್ಲಾಟಿನಲ್ಲಿ (ಪ್ರೋಟೀನ್‌ಗಳನ್ನು ಪಟ್ಟೆಗಳಾಗಿ ತೋರಿಸುವ ಚಿತ್ರ) ಲೇನುಗಳನ್ನು, ಅಂದರೆ ಒಂದೊಂದು ಮಾದರಿಯ ಸಾಲುಗಳನ್ನು, ಕತ್ತರಿಸಿ ಜೋಡಿಸಿದ್ದರೆ ಗೆರೆ ಹಾಕಿ ತೋರಿಸಬೇಕು.

ಇನ್ನು ಭಾಷಣಗಳು. ಬೆಂಗಳೂರಿನಲ್ಲಿ ಸಂಶೋಧನಾ ಸಂಸ್ಥೆಗಳಾದ ಐಐಎಸ್ಸಿ, ಎನ್‌ಸಿಬಿಎಸ್, ಜಕ್ಕೂರಿನ ಜೆಎನ್‌ಸಿಎಎಸ್‌ಆರ್ ನಡುವೆ ವಾರಕ್ಕೆ ಕೇಳಲಾಗದಷ್ಟು ಸೆಮಿನಾರುಗಳು; ಧಾರವಾಡ, ಕಲಬುರಗಿಯಲ್ಲಿ ತಿಂಗಳಿಗೊಂದು ಸಿಕ್ಕರೆ ಪುಣ್ಯ. ಎರಡೂ ಕಡೆ ಕೇಳುವವರ ಸ್ಥಿತಿ ಒಂದೇ: ಐದನೇ ಸ್ಲೈಡಿಗೆ ದಾರಿ ತಪ್ಪಿರುತ್ತದೆ. ಮುಂಚಿನ ದಿನ ಅತಿಥಿಯ ಒಂದೇ ಒಂದು ಪ್ರಬಂಧವನ್ನು ಜರ್ನಲ್ ಕ್ಲಬ್‌ನಲ್ಲಿ ಓದಿದರೆ ಸಾಕು. ಮೊದಲ ಎರಡು ಪ್ರಶ್ನೆ ವಿದ್ಯಾರ್ಥಿಗಳದೇ ಇರಬೇಕು, ಅಲ್ಲಿವರೆಗೆ ಪ್ರಾಧ್ಯಾಪಕರು ಬಾಯಿ ತೆರೆಯುವಂತಿಲ್ಲ ಎಂಬ ಕಟ್ಟಳೆ ಮೊದಲ ಸಲ ಅರ್ಧ ನಿಮಿಷದ ಮೌನ ತರುತ್ತದೆ. ಆ ಮೌನವನ್ನು ಸಹಿಸಿಕೊಳ್ಳಬೇಕು. ಊಟಕ್ಕೆ ಅತಿಥಿಯ ಜೊತೆ ಬರೀ ವಿದ್ಯಾರ್ಥಿಗಳೇ ಕೂರಲಿ.

ವಿದ್ಯಾರ್ಥಿ ತಾನೇ ಮಾತಾಡುವಾಗ, ಸಮ್ಮೇಳನದ ಹದಿನೈದು ನಿಮಿಷವೆಂದರೆ ಹನ್ನೆರಡು ನಿಮಿಷ ಮಾತು, ಮೂರು ನಿಮಿಷ ಪ್ರಶ್ನೆ. ಹನ್ನೆರಡು ಸ್ಲೈಡು ಸಾಕು. ತಲೆಬರಹ ‘ಫಲಿತಾಂಶ’ ಎಂದಿರಬಾರದು. ‘ಈ ಜೀನ್ ತೆಗೆದರೆ ಬೇರು ಗಿಡ್ಡವಾಗುತ್ತದೆ’ ಎಂಬ ಪೂರ್ತಿ ವಾಕ್ಯ ಇರಲಿ. ಕೆಂಪು-ಹಸಿರು ಚಿತ್ರವನ್ನು ಮೆಜೆಂಟಾ-ಹಸಿರಿಗೆ ಬದಲಿಸಿ, ಬಣ್ಣಗುರುಡು ಇರುವವರಿಗೂ ಕಾಣುತ್ತದೆ. ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯ 2008ರಲ್ಲಿ ಶುರುಮಾಡಿದ ಮೂರು ನಿಮಿಷದ ಥೀಸಿಸ್ ಸ್ಪರ್ಧೆಯಂತೆ ಅಲುಗಾಡದ ಒಂದೇ ಸ್ಲೈಡಿಟ್ಟು ಅಭ್ಯಾಸ ಮಾಡಿಸಿದರೆ ಹನ್ನೆರಡು ನಿಮಿಷ ಧಾರಾಳ ಅನ್ನಿಸುತ್ತದೆ.

ಕನ್ನಡದಲ್ಲಿ ವಿವರಿಸುವ ಅಭ್ಯಾಸವೂ ಆಗಬೇಕು. ಅಭಿಮಾನದ ಪ್ರಶ್ನೆಯಲ್ಲ ಇದು, ಕೆಲಸದ್ದು. ರೋಗಿಗಳಿಂದ ರಕ್ತ ಪಡೆಯುವ ಸಂಶೋಧನೆಗೆ ಅವರ ಭಾಷೆಯ ಒಪ್ಪಿಗೆ ಪತ್ರ ಬೇಕು, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಅದನ್ನೇ ಹೇಳುತ್ತದೆ. ಆ ಪತ್ರದಲ್ಲಿ ‘ವಂಶವಾಹಿ ಅನುಕ್ರಮಣಿಕಾ ವಿಶ್ಲೇಷಣೆ’ ಎಂದು ಬರೆದರೆ ಆಸ್ಪತ್ರೆಯ ನರ್ಸಿಗೂ ತಿಳಿಯುವುದಿಲ್ಲ. ‘ನಿಮ್ಮ ರಕ್ತದಿಂದ ಡಿಎನ್‌ಎ ತೆಗೆದು ಓದುತ್ತೇವೆ’ ಎಂದರೆ ತಿಳಿಯುತ್ತದೆ. ಬರೆದದ್ದನ್ನು ಲ್ಯಾಬಿನ ಅಟೆಂಡರ್‌ಗೆ ಓದಿ ಹೇಳಿಸಿ, ಅವರು ಮರಳಿ ತಮ್ಮ ಮಾತಲ್ಲಿ ಹೇಳುವುದನ್ನು ಬರೆದುಕೊಂಡರೆ ಎಲ್ಲಿ ತಿದ್ದಬೇಕೆಂದು ಗೊತ್ತಾಗುತ್ತದೆ.

ಹೊರಗಿನ ಕೋರ್ಸುಗಳಿಗೆ, ಅಮೆರಿಕದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಪ್ರಯೋಗಾಲಯದ್ದಿರಲಿ, ಯುರೋಪಿನ ಜೀವವಿಜ್ಞಾನ ಸಂಸ್ಥೆ ಎಂಬೊದ ಪ್ರಾಯೋಗಿಕ ಕೋರ್ಸ್ ಇರಲಿ, ಹೋಗಲು ಸರಿಯಾದ ಕಾಲ ಎರಡನೇ ವರ್ಷದ ಕೊನೆಯಿಂದ ಮೂರನೆಯದರ ನಡುವೆ. ಅರ್ಜಿಯಲ್ಲಿ ‘ಈ ತಂತ್ರ ಕಲಿಯಲು ಬಹಳ ಆಸಕ್ತಿಯಿದೆ’ ಎಂಬ ಸಾಲಿಗೆ ಬೆಲೆಯಿಲ್ಲ. ಯಾವ ಪ್ರಯೋಗ ಎಲ್ಲಿ ನಿಂತಿದೆ, ಈ ತಂತ್ರ ಬಂದರೆ ಮುಂದಿನ ಹೆಜ್ಜೆ ಯಾವುದು, ಅದಕ್ಕೆ ಬೇಕಾದ ಉಪಕರಣ ಊರಲ್ಲಿ ಎಲ್ಲಿದೆ ಎಂದು ನಾಲ್ಕು ಸಾಲು ಬರೆಯಬೇಕು. ಕಲಿತು ಬಂದು ಬಳಸಲು ಯಂತ್ರವೇ ಇಲ್ಲದವರನ್ನು ಆಯ್ಕೆಗಾರರು ಸುಲಭಕ್ಕೆ ಆರಿಸುವುದಿಲ್ಲ. ಅಲ್ಲಿಂದ ತರುವ ಪ್ರೋಟೋಕಾಲಿನಲ್ಲಿ ಆಂಟಿಬಾಡಿಯ ಕ್ಯಾಟಲಾಗ್ ಸಂಖ್ಯೆ, ಡೈಲ್ಯೂಶನ್, ಅಲ್ಲಿನ ಕೋಣೆಯ ತಾಪಮಾನ ಎಲ್ಲ ಬರೆದುಕೊಂಡಿರಬೇಕು. ಅಲ್ಲಿ ‘ರೂಮ್ ಟೆಂಪರೇಚರ್’ ಎಂದರೆ 20 ಡಿಗ್ರಿ, ಏಪ್ರಿಲ್‌ನ ರಾಯಚೂರಿನಲ್ಲಿ ಎಸಿ ಇಲ್ಲದ ಲ್ಯಾಬಿನಲ್ಲಿ 35 ದಾಟುತ್ತದೆ. ಅರ್ಧ ಗಂಟೆಯ ಕಿಣ್ವಕ್ರಿಯೆ ಅಷ್ಟರಲ್ಲೇ ಬೇರೆಯಾಗಿರುತ್ತದೆ.