ಬ್ಯಾಟರಿಯೊಳಗೆ ಲಿಥಿಯಂ ಎಷ್ಟು ಓಡುತ್ತದೆ? ಒಂದು ಅಂಕಿಯ ಹಿನ್ನೆಲೆ

ಹೊಸ ಎಲೆಕ್ಟ್ರೊಲೈಟ್ (ಬ್ಯಾಟರಿಯ ಎರಡು ತುದಿಗಳ ನಡುವೆ ಅಯಾನುಗಳು ಸಾಗುವ, ಲಿಥಿಯಂ ಉಪ್ಪು ಬೆರೆತ ಮಾಧ್ಯಮ) ಬಂತು ಎಂದಾಗೆಲ್ಲ ಒಂದು ಅಂಕಿ ಜೊತೆಗೇ ಬರುತ್ತದೆ: ಹರಿಯುವ ಕರೆಂಟ್‌ನಲ್ಲಿ ಲಿಥಿಯಂ ಅಯಾನುಗಳ ಪಾಲೆಷ್ಟು? ಉಳಿದದ್ದನ್ನು ಉಪ್ಪಿನ ಋಣ ಅಯಾನುಗಳು ಹೊರುತ್ತವೆ. ಲಿಥಿಯಂ ಪಾಲು ಜಾಸ್ತಿಯಿದ್ದರೆ ಬೇಗ ಚಾರ್ಜ್ ಮಾಡುವುದು ಸುಲಭ. ತೊಂದರೆ ಏನೆಂದರೆ, ಅಳೆಯುವ ವಿಧಾನ ಬದಲಾದರೆ ಅಂಕಿಯೂ ಬದಲಾಗುತ್ತದೆ.

ಇದನ್ನು ಅಳೆಯುವ ಮುಖ್ಯ ದಾರಿಗಳಲ್ಲಿ ಎನ್‌ಎಂಆರ್ ಒಂದು: ಅಯಸ್ಕಾಂತದೊಳಗಿಟ್ಟ ವಸ್ತುವಿಗೆ ರೇಡಿಯೊ ಅಲೆ ಕೊಟ್ಟು ಪರಮಾಣುಗಳ ನ್ಯೂಕ್ಲಿಯಸ್ ಕೊಡುವ ಉತ್ತರ ಕೇಳುವ ವಿಧಾನ. ಆಸ್ಪತ್ರೆಯ ಎಂಆರ್‌ಐ ಹುಟ್ಟಿದ್ದೂ ಇದರಿಂದಲೇ. 1945-46ರಲ್ಲಿ ಭೌತವಿಜ್ಞಾನಿಗಳಾದ ಬ್ಲಾಕ್ ಮತ್ತು ಪರ್ಸೆಲ್ ಅವರ ತಂಡಗಳು ಎನ್‌ಎಂಆರ್ ಕಂಡುಕೊಂಡವು. 1965ರಲ್ಲಿ ಸ್ಟೆಯ್ಸ್ಕಲ್ ಮತ್ತು ಟ್ಯಾನರ್ ಅದರಿಂದ ಕಣಗಳ ಓಡಾಟ ಅಳೆಯಲು ದಾರಿ ಮಾಡಿದರು. ಲಿಥಿಯಂ-7, ಫ್ಲೋರಿನ್-19 ಬೇರೆ ಬೇರೆ ಆವರ್ತನದಲ್ಲಿ ಉತ್ತರ ಕೊಡುತ್ತವೆ. ಹಾಗಾಗಿ ಲಿಥಿಯಂ ಮತ್ತು ಫ್ಲೋರಿನ್ ಇರುವ ಋಣ ಅಯಾನನ್ನು ಬಿಡಿಬಿಡಿಯಾಗಿ ಗಮನಿಸಬಹುದು.

ಈ ವಿಧಾನದ ಮಹತ್ವ ಗೊತ್ತಾಗಿದ್ದು ಪಾಲಿಮರ್‌ಗಳಲ್ಲಿ. 1973ರಲ್ಲಿ ಶೆಫೀಲ್ಡ್‌ನ ಪೀಟರ್ ರೈಟ್ ಮತ್ತು ಸಂಗಡಿಗರು ಪಾಲಿಎಥಿಲೀನ್ ಆಕ್ಸೈಡ್ ಎಂಬ ಪಾಲಿಮರ್‌ಗೆ ಕ್ಷಾರ ಲೋಹಗಳ ಉಪ್ಪು ಬೆರೆಸಿದರು. ಕೆಲವೇ ವರ್ಷಗಳಲ್ಲಿ ಮಿಶೆಲ್ ಅರ್ಮಾಂಡ್ ಅದನ್ನು ಬ್ಯಾಟರಿಗೆ ಸೂಚಿಸಿದರು. ಹರಳಾದ ಭಾಗದಲ್ಲಿ ಪಾಲಿಮರ್ ಸರಪಳಿಗಳು ಸುತ್ತಿಕೊಂಡ ಸುರುಳಿಗಳ ಒಳಗೇ ಅಯಾನುಗಳು ಜಿಗಿಯುತ್ತವೆ ಎಂಬ ನಂಬಿಕೆ ಆಗ ಇತ್ತು. 1983ರಲ್ಲಿ ಬರ್ತಿಯೆ, ಅರ್ಮಾಂಡ್ ಮುಂತಾದವರು ಎನ್‌ಎಂಆರ್ ಮಾಡಿ ನೋಡಿದರೆ, ಹರಳಿನ ಭಾಗದ ಅಯಾನುಗಳು ಹೆಚ್ಚುಕಡಿಮೆ ಸುಮ್ನೆ ಕೂತಿದ್ದವು. ಓಡಾಟವೆಲ್ಲ ಹರಳಾಗದ, ಮೆತ್ತನೆಯ ಭಾಗದಲ್ಲಿತ್ತು. ಎಷ್ಟು ದೊಡ್ಡ ತಿರುವು, ಅಲ್ವಾ? ಅಲ್ಲಿಂದ ಮುಂದೆ ಹರಳಾಗದಂತೆ ತಡೆಯುವುದೇ ಕೆಲಸವಾಯಿತು. 2011ರಲ್ಲಿ ಪ್ಯಾರಿಸ್‌ನ ಬಾಡಿಗೆ ಕಾರುಗಳಿಗೆ ಹಾಕಿದ ಪಾಲಿಮರ್ ಬ್ಯಾಟರಿಯನ್ನು ಬಿಸಿಯಾಗಿ ಇಡಬೇಕಿದ್ದದ್ದೂ ಹರಳಾಗದಿರಲೆಂದೇ.

ಗೋಜಲು ಶುರುವಾಗಿದ್ದು ಆಮೇಲೆ. ಎರಡೂ ಅಯಾನುಗಳ ವೇಗ ಅಳೆದು, ಒಟ್ಟು ವೇಗದಲ್ಲಿ ಲಿಥಿಯಂನದು ಎಷ್ಟು ಎಂದು ಭಾಗಿಸಿ, ಅದನ್ನೇ ಕರೆಂಟಿನ ಪಾಲು ಎಂದು ಬರೆಯುವುದು ರೂಢಿಯಾಯಿತು. ಆದರೆ ಲಿಥಿಯಂ ಮತ್ತು ಋಣ ಅಯಾನು ಜೋಡಿಯಾಗಿ ಸಾಗಿದರೆ ಕರೆಂಟ್ ಹರಿಯುವುದಿಲ್ಲ. ಎನ್‌ಎಂಆರ್ ಮಾತ್ರ ಆ ಓಡಾಟವನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಅಳತೆ ಸರಿಯೇ ಇದೆ, ಅದಕ್ಕೆ ಅಂಟಿಸಿದ ಹೆಸರು ತಪ್ಪು.

ಅಯಸ್ಕಾಂತದೊಳಗೆ ಮಾದರಿಗೆ ವಿದ್ಯುತ್ ಕೊಟ್ಟು ಅಳೆದರೆ ನಿಜ ತಿಳಿಯುತ್ತದೆ. ಜರ್ಮನಿಯ ಮ್ಯೂನ್‌ಸ್ಟರ್‌ನ ತಂಡ 2018ರಲ್ಲಿ ಹೀಗೆ ನೋಡಿದಾಗ, ಕೆಲವು ಅಯಾನಿಕ್ ದ್ರವಗಳಲ್ಲಿ (ಬರೀ ಅಯಾನುಗಳಿಂದಾದ ದ್ರವ ರೂಪದ ಉಪ್ಪು) ಧನ ಅಯಾನಾದ ಲಿಥಿಯಂ ಋಣ ತುದಿಗೆ ಹೋಗುವ ಬದಲು ಧನ ತುದಿಯ ಕಡೆಗೇ ಸಾಗುತ್ತಿತ್ತು. ಸುತ್ತ ಮುತ್ತಿಕೊಂಡ ಋಣ ಅಯಾನುಗಳು ಅದನ್ನು ಎಳೆದೊಯ್ಯುತ್ತಿದ್ದವು. ಅಂದರೆ ಅದರ ಪಾಲು ಸೊನ್ನೆಗಿಂತಲೂ ಕೆಳಗೆ! ವೇಗದಿಂದ ಭಾಗಿಸಿದ ಲೆಕ್ಕದಲ್ಲಿ ಇಂಥ ಉತ್ತರ ಯಾವತ್ತೂ ಬರಲಾರದು.

ಈ ಪ್ರಯೋಗ ಸುಲಭವಲ್ಲ. ಮಾದರಿ ಬಿಸಿಯಾಗುತ್ತದೆ, ಗುಳ್ಳೆ ಏಳುತ್ತದೆ. ಗಟ್ಟಿ ಪಾಲಿಮರ್‌ನಲ್ಲಂತೂ ಅಯಾನು ಒಂದಿಷ್ಟು ಸರಿಯುವ ಮೊದಲೇ ಸಿಗ್ನಲ್ ಆರಿಹೋಗುತ್ತದೆ. ಅದಕ್ಕೇ ಹಳೆಯ ಲೆಕ್ಕ ಇನ್ನೂ ಬಳಕೆಯಲ್ಲಿದೆ.