ಕರೆಂಟ್ ಬರ್ತಾ ಇದೆ, ಆದ್ರೂ ಲೈಟ್ ಮಂಕು

"ಕರೆಂಟ್ ಬರ್ತಾ ಇದೆ ಅಣ್ಣ, ನಾನೇ ಚೆಕ್ ಮಾಡಿದೀನಿ. ಬಲ್ಬ್‌ಗೇ ದಮ್ಮಿಲ್ಲ. ಇದಕ್ಕಿಂತ ದೊಡ್ಡದು ಹಾಕ್ಬಿಡಿ."

ವಾರಕ್ಕೆ ಎರಡು ಮೂರು ಸಲವಾದರೂ ಈ ಮಾತು ನನ್ನ ಕಿವಿಗೆ ಬೀಳುತ್ತದೆ. ಕೋಲಾರದಲ್ಲಿ ಗಾಡಿ ವೈರಿಂಗ್ ಅಂಗಡಿ ಇಟ್ಟವರಿಗೆ ಟೊಮೊಟೊ ಸೀಸನ್ ಬಂತು ಅಂದರೆ ಪಿಕಪ್‌ಗಳದ್ದೇ ಸಾಲು. ಹಗಲೆಲ್ಲ ತೋಟಕ್ಕೂ ಮಂಡಿಗೂ ಓಡಾಟ, ರಾತ್ರಿ ಮುಳಬಾಗಿಲು, ನಂಗಲಿ ದಾಟಿ ಚೆನ್ನೈ ಕಡೆಗೆ. ಹೆಡ್‌ಲೈಟ್ ನೆನಪಾಗುವುದೇ ಕತ್ತಲಾದ ಮೇಲೆ. ಗಾಡಿ ಸೆಕೆಂಡ್ ಹ್ಯಾಂಡ್ ಆಗಿದ್ದರಂತೂ ಕೇಳಲೇಬೇಡಿ. ಇಂಜಿನ್ ಸದ್ದು ಕೇಳಿ, ಟೈರ್ ಒದ್ದು ನೋಡಿ, ಪೇಪರ್ ನೋಡಿ ಕೊಳ್ಳುತ್ತಾರೆ. ಮಟಮಟ ಮಧ್ಯಾಹ್ನ ಕೊಂಡ ಗಾಡಿಯ ಲೈಟ್ ಯಾರು ನೋಡುತ್ತಾರೆ?

ಬಲ್ಬ್ ಹೋಗಿದೆಯಾ, ಫ್ಯೂಸ್ ಹೋಗಿದೆಯಾ ಅನ್ನೋದೆಲ್ಲ ನಿಮಗೇ ಗೊತ್ತು, ಅದನ್ನು ಬರೆಯಲ್ಲ. ನಾನು ಹೇಳಬೇಕಿರೋದು ಅರ್ತ್ ವಿಷಯ ಒಂದೇ. ಬ್ಯಾಟರಿಯ ಪ್ಲಸ್‌ನಿಂದ ಹೊರಟ ಕರೆಂಟ್ ಬಲ್ಬ್ ಉರಿಸಿ, ಗಾಡಿ ಬಾಡಿಯ ಮೇಲೆ ಹಾದು ಮೈನಸ್‌ಗೆ ವಾಪಸ್ ಬರಬೇಕು. ಆ ವಾಪಸ್ ದಾರಿಯೇ ಅರ್ತ್. ಇದನ್ನು ಬಾಯಲ್ಲಿ ಹೇಳಿದರೆ ಎಲ್ಲರೂ ತಲೆ ಆಡಿಸುತ್ತಾರೆ, ಆಮೇಲೆ "ಸರಿ ಅಣ್ಣ, ಬಲ್ಬ್ ಯಾವುದು ಹಾಕ್ತೀರ" ಅನ್ನುತ್ತಾರೆ.

ಹಾಗಾಗಿ ನಮ್ಮ ಮಂಡಿ ಲೆಕ್ಕದಲ್ಲೇ ಹೇಳುತ್ತೇನೆ. ತೋಟದಿಂದ 15 ಕೆಜಿ ಬಾಕ್ಸ್‌ಗಳು ತುಂಬಿ ಮಂಡಿಗೆ ಹೋಗುತ್ತವೆ, ಅಲ್ವಾ? ಖಾಲಿ ಬಾಕ್ಸ್ ವಾಪಸ್ ಬರಲಿಲ್ಲ ಅಂದರೆ ಮಾರನೇ ದಿನ ಕಿತ್ತ ಹಣ್ಣನ್ನು ಎಲ್ಲಿ ತುಂಬುತ್ತೀರಿ? ಗಿಡದಲ್ಲಿ ಹಣ್ಣಿದೆ, ಗಾಡಿ ಇದೆ, ಹೋಗೋ ರಸ್ತೆ ಚೆನ್ನಾಗಿದೆ, ಆದರೂ ಲೋಡ್ ನಿಂತಿತು. ಬರೋ ದಾರಿ ಕಟ್ಟಿದರೆ ಹೋಗೋ ದಾರಿಯೂ ಕಟ್ಟಿದ ಹಾಗೆಯೇ. ಇಷ್ಟು ಹೇಳಿದಾಗ ಒಬ್ಬರು ಯಜಮಾನರು "ಹಂಗಾದ್ರೆ ಬಾಕ್ಸ್ ಕದಿಯೋ ಮಂಡಿಯವನೇ ಅರ್ತ್ ಫಾಲ್ಟ್ ಅನ್ನಿ" ಅಂದರು. ಅವರಿಗೆ ಅರ್ಥವಾಯಿತು!

ಈಗ "ನಾನೇ ಚೆಕ್ ಮಾಡಿದೀನಿ" ಅನ್ನೋರ ಮಾತಿಗೆ ಬರೋಣ. ಅವರು ಸುಳ್ಳು ಹೇಳಲ್ಲ. ಬಲ್ಬ್ ಕಪ್ಲರ್ (ಬಲ್ಬಿಗೆ ಸಿಕ್ಕಿಸೋ ವೈರಿನ ಪ್ಲಗ್) ಬಿಚ್ಚಿ, ಮೀಟರ್‌ನ ಕೆಂಪು ಕಡ್ಡಿ ಪ್ಲಸ್ ಪಿನ್ನಿಗೆ, ಕಪ್ಪು ಕಡ್ಡಿ ಅರ್ತ್ ಪಿನ್ನಿಗೆ ಇಟ್ಟಿರುತ್ತಾರೆ. 12 ವೋಲ್ಟ್ ತೋರಿಸಿರುತ್ತದೆ. ಆದರೆ ಮೀಟರ್ ಕುಡಿಯೋದು ಒಂದು ಹನಿ ಕರೆಂಟ್. ವೈರಿನಲ್ಲಿ ಒಂದೇ ಒಂದು ಎಳೆ ಉಳಿದಿದ್ದರೂ, ಥಿಂಬಲ್ (ವೈರಿನ ತುದಿಗೆ ಒತ್ತಿದ ತಾಮ್ರದ ಉಂಗುರ) ಅರ್ಧ ಕಿಲುಬು ಹಿಡಿದಿದ್ದರೂ ಆ ಹನಿ ಹಾದು ಹೋಗುತ್ತದೆ. ಬಲ್ಬ್ ಹಾಗಲ್ಲ. 60/55 ವಾಟ್ ಬಲ್ಬ್‌ಗೆ ಡಿಪ್‌ನಲ್ಲಿ (ಹತ್ತಿರಕ್ಕೆ ಬೀಳೋ ಬೆಳಕು, 55 ವಾಟ್) ನಾಲ್ಕೂವರೆ ಆಂಪಿಯರ್ ಮೇಲೆ ಬೇಕು, ಬ್ರೈಟ್‌ನಲ್ಲಿ (ದೂರಕ್ಕೆ ಬೀಳೋ ಬೆಳಕು, 60 ವಾಟ್) 5. ಎರಡು ಲೈಟ್ ಸೇರಿದರೆ 10. ಅಷ್ಟು ಕರೆಂಟ್ ಆ ಒಂದು ಎಳೆಯಲ್ಲಿ ಬಾ ಅಂದರೆ ಹೇಗೆ ಬಂದೀತು?

ಅದಕ್ಕೇ ನಾನು ಬಲ್ಬ್ ಬಿಚ್ಚಿ ಚೆಕ್ ಮಾಡುವುದಿಲ್ಲ. ಲೈಟ್ ಉರಿಯುತ್ತಿರುವಾಗಲೇ ಮೀಟರ್‌ನ ಒಂದು ಕಡ್ಡಿ ಬ್ಯಾಟರಿ ಮೈನಸ್‌ಗೆ, ಇನ್ನೊಂದನ್ನು ಕಪ್ಲರ್ ಹಿಂಬದಿಯಿಂದ ಬಲ್ಬಿನ ಅರ್ತ್ ಪಿನ್ನಿಗೆ ತಾಗಿಸುತ್ತೇನೆ. ಎರಡೂ ಮೈನಸ್ಸೇ ಆದ್ದರಿಂದ ಸೊನ್ನೆಗೆ ಹತ್ತಿರ ಬರಬೇಕು. 0.2 ಬಂದರೆ ತಲೆ ಕೆಡಿಸಿಕೊಳ್ಳಲ್ಲ. ಒಂದು ವೋಲ್ಟ್, ಒಂದೂವರೆ ಬಂದರೆ ಕಳ್ಳ ಸಿಕ್ಕಿದ. ಇದೇ ರೀತಿ ಪ್ಲಸ್ ಕಡೆಯೂ ನೋಡಬೇಕು, ಸ್ವಿಚ್ಚು, ಫ್ಯೂಸು ಎಲ್ಲ ಅಲ್ಲೇ ಇರುತ್ತವಲ್ಲ. ಆದರೆ ನನ್ನ ಅನುಭವದಲ್ಲಿ ಹಳೇ ಪಿಕಪ್‌ಗಳಲ್ಲಿ ಜಾಸ್ತಿ ಸಲ ಕಳ್ಳ ಇರೋದು ಅರ್ತ್ ಕಡೆಯೇ.

"ಒಂದೂವರೆ ವೋಲ್ಟ್ ತಾನೇ ಅಣ್ಣ" ಅನ್ನಬೇಡಿ. ಹ್ಯಾಲೊಜೆನ್ ಬಲ್ಬಿನ ಬೆಳಕು ವೋಲ್ಟೇಜಿಗೆ ಸರಿಸಮ ಇಳಿಯಲ್ಲ, ಧಡಕ್ಕನೆ ಇಳಿಯುತ್ತದೆ. ವೋಲ್ಟೇಜ್ 10 ಪರ್ಸೆಂಟ್ ಕಮ್ಮಿಯಾದರೆ ಬೆಳಕು ಸುಮಾರು 30 ಪರ್ಸೆಂಟ್ ಹೋಗುತ್ತದೆ. ಬಿಳಿ ಬೆಳಕು ಹಳದಿಗೆ ತಿರುಗುತ್ತದೆ. ಡಿಸೆಂಬರ್‌ನಲ್ಲಿ ಬೆಳಗಿನ ಜಾವ ಹೈವೇ ಮೇಲೆ ಮಂಜು ಕುಳಿತಾಗ ಇದರ ಬೆಲೆ ಗೊತ್ತಾಗುತ್ತದೆ.

ಇಂಥ ಗಾಡಿಗೆ 100/90 ಬಲ್ಬ್ ಹಾಕಿದರೆ ಏನಾಗುತ್ತದೆ? ಬ್ರೈಟ್ ಹಾಕಿದರೆ ಎರಡೂ ಸೇರಿ 16 ಆಂಪಿಯರ್ ಮೇಲೆ ಕೇಳುತ್ತವೆ. ಮೊದಲೇ ಕಟ್ಟಿದ ದಾರಿ, ಅದರ ಮೇಲೆ ಜಾಸ್ತಿ ಲೋಡ್. ಆ ಕೆಟ್ಟ ಜಾಯಿಂಟ್‌ನಲ್ಲಿ ವೋಲ್ಟೇಜ್ ಇನ್ನೂ ಬೀಳುತ್ತದೆ, ಬಿದ್ದದ್ದೆಲ್ಲ ಅಲ್ಲೇ ಬಿಸಿಯಾಗುತ್ತದೆ. ಕರಗಿ ಬೆಲ್ಲದ ಪಾಕದ ಹಾಗೆ ಆದ ಹೋಲ್ಡರ್‌ಗಳನ್ನು ಒಂದು ಹಳೇ ಡಬ್ಬದಲ್ಲಿ ಇಟ್ಟಿದ್ದೇನೆ. ವಾದ ಮಾಡೋರಿಗೆ ಮಾತು ಆಡಲ್ಲ, ಡಬ್ಬ ತೆಗೆದು ಮುಂದಿಡುತ್ತೇನೆ. ಸ್ವಿಚ್‌ನ ಸಣ್ಣ ವೈರಿನ ಮೇಲೆ ಭಾರ ಬೀಳಬಾರದು ಅಂದರೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡೋ ಸ್ವಿಚ್) ಹಾಕಿಸಿ, ಅದು ಒಳ್ಳೇದೇ. ಆದರೆ ಅರ್ತ್ ಸರಿ ಮಾಡದೆ ರಿಲೇ ಹಾಕಿ ಉಪಯೋಗ ಇಲ್ಲ.

ಶ್ರೀನಿವಾಸಪುರದ ಕಡೆಯಿಂದ ಒಬ್ಬರು ಬಂದಿದ್ದರು. ಕೊಂಡು ನಾಲ್ಕು ತಿಂಗಳಾದ ಹಳೇ ಪಿಕಪ್. ಎಡಗಡೆ ಲೈಟ್ ಮಂಕು. ಮೂರು ಜೊತೆ ಬಲ್ಬ್ ಆಗಿತ್ತು. ಯಾರೋ ಹೇಳಿದರು ಅಂತ ಹೊಸ ಬ್ಯಾಟರಿಯೂ ಬಂದಿತ್ತು. ಬ್ಯಾಟರಿ ವೀಕ್ ಆಗಿದ್ದರೆ ಎಡಗಡೆ ಮಾತ್ರ ಯಾಕಣ್ಣ ಮಂಕಾಗುತ್ತೆ ಅಂದೆ. ಸುಮ್ನೆ ನಕ್ಕರು, ಪಾಪ. "ಇನ್ನೊಂದು ಮಾತು ಅಣ್ಣ, ಡಿಪ್ ಹಾಕಿದ್ರೂ ಮೀಟರ್ ಬೋರ್ಡಲ್ಲಿ ನೀಲಿ ದೀಪ ಮಿಣಮಿಣ ಅನ್ನತ್ತೆ. ಗಾಡೀಗೆ ಏನೋ ಗಾಳಿ ಸೋಕಿದೆ ಅಂತಾಳೆ ನಮ್ಮನೆಯವಳು."

ಬಲ್ಬ್ ಬದಲಿಸುವಾಗ ಯಾರಿಗೂ ಹೇಳದೆ ಉಳಿಸಿಕೊಂಡಿದ್ದ ಆ ಒಂದು ಮಾತೇ ಸಾಕಾಗಿತ್ತು. ನೀಲಿ ದೀಪ ಬ್ರೈಟ್‌ನದು. ಒಂದೇ ಬಲ್ಬಿನೊಳಗೆ ಡಿಪ್‌ಗೊಂದು, ಬ್ರೈಟ್‌ಗೊಂದು ಫಿಲಮೆಂಟ್ (ಉರಿಯೋ ತಂತಿ) ಇರುತ್ತದೆ, ಎರಡಕ್ಕೂ ಅರ್ತ್ ಒಂದೇ. ಎಡಗಡೆ ಬಲ್ಬಿಗೆ ಅರ್ತ್ ಸಿಗದಿದ್ದರೆ ಡಿಪ್‌ಗೆ ಬಂದ ಕರೆಂಟ್ ಸುಮ್ಮನೆ ಕೂರಲ್ಲ. ಪಕ್ಕದ ಬ್ರೈಟ್ ಫಿಲಮೆಂಟಿನೊಳಗೆ ನುಗ್ಗಿ, ಬ್ರೈಟ್ ವೈರ್ ಹಿಡಿದು ಬಲಗಡೆ ಲೈಟಿಗೂ ನೀಲಿ ದೀಪಕ್ಕೂ ಹೋಗಿ, ಅಲ್ಲಿಂದ ಅರ್ತ್ ಹುಡುಕುತ್ತದೆ. ಇಂಡಿಕೇಟರ್ ಹಾಕಿದರೆ ಪಾರ್ಕಿಂಗ್ ಲೈಟೂ ಜೊತೆಗೆ ಕಣ್ಣು ಹೊಡೆಯೋದು ಇದೇ ಥರದ ಕಥೆ. ಸಂಬಂಧವಿಲ್ಲದ ದೀಪ ಉರಿದರೆ ಮೊದಲು ಅರ್ತ್ ನೋಡಿ.

ಲೈಟ್ ಹಿಂದಿನ ಅರ್ತ್ ಬೋಲ್ಟ್ ಬಿಚ್ಚಿದೆ. ಹಳೇ ಓನರ್ ಎಲ್ಲೋ ಗುದ್ದಿಸಿ ಟಿಂಕರಿಂಗ್ ಮಾಡಿಸಿದ್ದಾನೆ. ಪೇಂಟ್ ಹೊಡೆದ ಮೇಲೆ ಥಿಂಬಲ್ಲನ್ನು ಹಾಗೇ ಪೇಂಟ್ ಮೇಲೆ ಇಟ್ಟು ಬೋಲ್ಟ್ ಬಿಗಿದಿದ್ದಾರೆ. ಹೊಳೆಯೋ ಬಿಳಿ ಪೇಂಟ್, ಅದರ ಮೇಲೆ ಹಸಿರು ಕಿಲುಬು ಹಿಡಿದ ತಾಮ್ರದ ಉಂಗುರ. ಬೋಲ್ಟಿನ ತಿರುಪಿನ ಮೂಲಕ ಅಷ್ಟಿಷ್ಟು ಕರೆಂಟ್ ಹೋಗುತ್ತಿತ್ತು. ಮಳೆ ಬಂದು ತುಕ್ಕು ಹಿಡಿದ ಮೇಲೆ ಅದೂ ಕಮ್ಮಿಯಾಯಿತು. ಪೇಂಟ್ ಕೆರೆದು ಕಬ್ಬಿಣ ಕಾಣೋ ಹಾಗೆ ಮಾಡಿದೆ. ಹೊಸ ಥಿಂಬಲ್ ಒತ್ತಿ, ಬಿಗಿದು, ಮೇಲೆ ಗ್ರೀಸ್ ಸವರಿದೆ. ಮೀಟರ್ 1.9 ತೋರಿಸುತ್ತಿದ್ದದ್ದು 0.1ಕ್ಕೆ ಬಂತು. ಗಾಳಿ ಬಿಟ್ಟು ಹೋಯಿತು.

ಎಲ್ಲ ಗಾಡಿಗೂ ಇದೇ ಮದ್ದು ಅಂತ ಹೇಳುತ್ತಿಲ್ಲ. ಕೆಲವು ಗಾಡಿಗಳಲ್ಲಿ ಹೆಡ್‌ಲೈಟ್ ಸ್ವಿಚ್ ಇರೋದೇ ಅರ್ತ್ ಕಡೆ. ಅಂಥದ್ದರಲ್ಲಿ ಬಲ್ಬಿನ ಪಿನ್ನಿಗೆ ಬಾಡಿಯಿಂದ ನೇರ ಅರ್ತ್ ಕೊಟ್ಟರೆ ಲೈಟ್ ಆಫೇ ಆಗಲ್ಲ. ಹೊಸ ಗಾಡಿಗಳಲ್ಲಿ ಲೈಟನ್ನೂ ಕಂಪ್ಯೂಟರ್ ನೋಡಿಕೊಳ್ಳುತ್ತದೆ, ಅದರ ವೈರಿಗೆ ಸೂಜಿ ಚುಚ್ಚಿ ಟೆಸ್ಟ್ ಲ್ಯಾಂಪ್ ಹಚ್ಚಬೇಡಿ. ಇಲಿ ಕಡಿದ ವೈರ್ ಇದ್ದರೆ ಕಥೆಯೇ ಬೇರೆ. ಕಡಲೆಕಾಯಿ ಮೂಟೆ ಹೊತ್ತ ಗಾಡಿಗಳಲ್ಲಿ ಅದೂ ಮಾಮೂಲು. ಮತ್ತೆ, ವೈರಿಗೆ ಕೈ ಹಾಕೋ ಮೊದಲು ಬ್ಯಾಟರಿ ಮೈನಸ್ ಬಿಚ್ಚಿ. ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ ದಪ್ಪ ಫ್ಯೂಸ್ ಹಾಕಬೇಡಿ, ಗಾಡಿ ತನ್ನಿ.

ಶ್ರೀನಿವಾಸಪುರದ ಅಣ್ಣನಿಗೆ ಮುನ್ನೂರು ರೂಪಾಯಿ ಹೇಳಿದೆ. ಬಲ್ಬು, ಬ್ಯಾಟರಿ ಅಂತ ಸಾವಿರಗಟ್ಟಲೆ ತುಟಿ ಪಿಟಕ್ಕೆನ್ನದೆ ಕೊಟ್ಟು ಬಂದ ಮನುಷ್ಯ. "ಒಂದು ಬೋಲ್ಟ್ ಕೆರೆದಿದ್ದಕ್ಕೆ ಮುನ್ನೂರಾ ಅಣ್ಣ?" ಅಂದರು. ಕೊನೆಗೆ ಇನ್ನೂರು ಕೈಗಿಟ್ಟು, ಗಾಡಿಯಿಂದ ಒಂದು ಬಾಕ್ಸ್ ಟೊಮೊಟೊ ಇಳಿಸಿದರು. ನಾನೂ ಖುಷಿಯಿಂದ ಇಸ್ಕೊಂಡೆ. ಮನೆಗೆ ಹೋದ ಮೇಲೆ ಗೊತ್ತಾಯಿತು, ಆ ವಾರ ಮಂಡಿಯಲ್ಲಿ ರೇಟ್ ಬಿದ್ದು ಜನ ಹಣ್ಣನ್ನು ರಸ್ತೆಗೆ ಸುರಿಯುತ್ತಿದ್ದರಂತೆ.